ಸೂಜಿ, ದಾರ, ಮೂರು ವೋಲ್ಟ್

ಶಾಲೆಯ ವಾರ್ಷಿಕೋತ್ಸವ ಶುರುವಾಗಲು ಇನ್ನರ್ಧ ಗಂಟೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಮಿಂಚುಹುಳುಗಳ ವೇಷ ತೊಟ್ಟ ಮಕ್ಕಳು ಗುಂಪುಗೂಡಿದ್ದಾರೆ. ಹೆಚ್ಚಿನವರ ರೆಕ್ಕೆಗೆ ದೀಪಾವಳಿಗೆ ತಂದಿದ್ದ ಸೀರಿಯಲ್ ಸೆಟ್ ಸುತ್ತಿ ಟೇಪು ಅಂಟಿಸಿದ್ದಾರೆ. ಬ್ಯಾಟರಿ ಡಬ್ಬಿ ಸೊಂಟದಲ್ಲಿ ಜೋತಾಡುತ್ತಿದೆ, ಬೆವರಿಗೆ ಟೇಪು ಬಿಟ್ಟುಕೊಳ್ಳುತ್ತಿದೆ. ತಾಯಿಯೊಬ್ಬರು ಸೇಫ್ಟಿ ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಮಗಳ ಬೆನ್ನಿನ ತಂತಿಯನ್ನು ಅಂಗಿಯೊಳಗೆ ತುರುಕುತ್ತಿದ್ದಾರೆ. ಅದೇ ಗುಂಪಿನಲ್ಲಿ ಒಂದು ಮಗುವಿನ ರೆಕ್ಕೆ ಮಾತ್ರ ಬೇರೆ. ಅದಕ್ಕೆ ತಂತಿಯೂ ಇಲ್ಲ, ಟೇಪೂ ಇಲ್ಲ. ರೆಕ್ಕೆಯ ನರಗಳನ್ನು ಬೂದು ಬಣ್ಣದ ದಾರದಲ್ಲಿ ಕಸೂತಿ ಹಾಕಿದ್ದಾರೆ. ನರಗಳ ತುದಿಯಲ್ಲಿ ಪುಟ್ಟ ದೀಪಗಳಿವೆ. ಎದೆಯ ಬಳಿಯ ಟಿಚ್ ಬಟನ್ ಒತ್ತಿದರೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ಕಂಡವರು ಮೊದಲು ಹುಡುಕುವುದು ತಂತಿಯನ್ನು. ರೆಕ್ಕೆ ತಿರುಗಿಸಿ ನೋಡುತ್ತಾರೆ, ಅಸ್ತರು ಎತ್ತಿ ನೋಡುತ್ತಾರೆ. ಸಿಗುವುದು ಹೊಲಿಗೆ ಮಾತ್ರ. ದೀಪದವರೆಗೆ ವಿದ್ಯುತ್ತನ್ನು ಒಯ್ಯುತ್ತಿರುವುದು ಕಸೂತಿಯ ದಾರವೇ.

ಲೋಹದ ದಾರದಿಂದ ಬಟ್ಟೆಯ ಮೇಲೆ ಸರ್ಕ್ಯೂಟ್ ಹೊಲಿಯುವ ಈ ಕೈಕೆಲಸ ಕಳೆದ ಎರಡು ದಶಕಗಳಲ್ಲಿ ಪ್ರಯೋಗಾಲಯ ದಾಟಿ ಶಾಲೆಗಳಿಗೆ, ಮನೆಗಳಿಗೆ ಬಂದಿದೆ. ಇ-ಟೆಕ್ಸ್‌ಟೈಲ್ ಎಂಬ ಹೆಸರು ಕೇಳಿ, ಇದು ಎಂಜಿನಿಯರುಗಳ ವಿಷಯ ಎಂದು ದೂರ ಸರಿಯುವವರೇ ಬಹಳ. ನನಗೆ ಕಾಣುವುದು ಇದರ ತಿರುವುಮುರುವು. ಇಲ್ಲಿ ಬೇಕಾದ ಎಲೆಕ್ಟ್ರಾನಿಕ್ಸ್ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ದೀಪ ಹೊತ್ತುತ್ತದೋ ಇಲ್ಲವೋ ಎಂಬುದು ನಿಂತಿರುವುದು ಹೊಲಿಗೆಯ ಹದದ ಮೇಲೆ. ಹದವಾಗಿ ಹೊಲಿಯಬಲ್ಲವರು ಈ ಕೆಲಸದ ಕಷ್ಟದ ಅರ್ಧವನ್ನು ಆಗಲೇ ಕಲಿತಿದ್ದಾರೆ.

ತಂತಿಯ ಕೆಲಸಕ್ಕೆ ದಾರ

ತಾಮ್ರದ ತಂತಿಯನ್ನೇ ಬಟ್ಟೆಗೆ ಹೊಲಿಯಬಾರದೇ ಎಂದು ಕೇಳಬಹುದು. ಹೊಲಿಯಬಹುದು, ಆದರೆ ಬಾಳುವುದಿಲ್ಲ. ಬಟ್ಟೆ ಮಡಚಿಕೊಳ್ಳುತ್ತದೆ, ಮುದುಡುತ್ತದೆ, ಮೈಯೊಂದಿಗೆ ತಿರುಗುತ್ತದೆ. ಮತ್ತೆ ಮತ್ತೆ ಬಗ್ಗಿದ ಜಾಗದಲ್ಲಿ ತಾಮ್ರ ಗಡಸಾಗಿ ಒಂದು ದಿನ ಪಟ್ಟೆಂದು ಮುರಿಯುತ್ತದೆ.

ಅದಕ್ಕಾಗಿ ಬಂದದ್ದು ವಾಹಕ ದಾರ. ಇದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು, ಕೂದಲಿಗಿಂತ ಎಷ್ಟೋ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಎಳೆಗಳನ್ನು ಹುರಿಗೊಳಿಸಿ ಮಾಡಿದ್ದು. ಇನ್ನೊಂದು, ನೈಲಾನ್ ದಾರಕ್ಕೆ ಬೆಳ್ಳಿಯ ಲೇಪ ಕೊಟ್ಟದ್ದು. ಬೆಳ್ಳಿಯ ದಾರ ಮೃದು, ವಿದ್ಯುತ್ತನ್ನು ಸರಾಗವಾಗಿ ಒಯ್ಯುತ್ತದೆ. ಆದರೆ ಮನೆಯ ಬೆಳ್ಳಿ ದೀಪ ಕಪ್ಪಾಗುವ ಕಾರಣಕ್ಕೇ ಇದೂ ಕಪ್ಪಾಗುತ್ತದೆ, ಒಗೆದಂತೆಲ್ಲ ಲೇಪ ಸವೆಯುತ್ತದೆ. ಸ್ಟೀಲಿನ ದಾರ ತುಸು ಬಿರುಸು, ತುದಿಯಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಆದರೆ ನೀರಿಗೂ ಗಾಳಿಗೂ ಜಗ್ಗುವುದಿಲ್ಲ.

ತಂತಿಗೂ ಈ ದಾರಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಒಂದು ಅಡಿ ಸ್ಟೀಲ್ ದಾರದ ರೋಧ ಸಾಮಾನ್ಯವಾಗಿ 10ರಿಂದ 16 ಓಮ್. ಅಷ್ಟೇ ಉದ್ದದ ಸಾಧಾರಣ ತಾಮ್ರದ ತಂತಿಯಲ್ಲಿ ಅದು ಒಂದು ಓಮ್‌ನ ನೂರರಲ್ಲೊಂದು ಪಾಲಿನ ಆಸುಪಾಸು. ಎರಡನೆಯದು, ದಾರಕ್ಕೆ ಪ್ಲಾಸ್ಟಿಕ್ ಹೊದಿಕೆ ಇಲ್ಲ. ಅದು ಬತ್ತಲೆ ಲೋಹ. ತಗುಲಿದ್ದಕ್ಕೆಲ್ಲ ವಿದ್ಯುತ್ ಕೊಡುತ್ತದೆ. ಈ ಕಲೆಯ ಬಹುಪಾಲು ಉಪಾಯಗಳು, ಬಹುಪಾಲು ತೊಂದರೆಗಳು ಈ ಎರಡು ಗುಣಗಳಿಂದಲೇ ಹುಟ್ಟಿವೆ.

ಜರಿಯ ಗುಟ್ಟು

1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮ್ಯಾಗಿ ಆರ್ಥ್, ರೆಮಿ ಪೋಸ್ಟ್ ಮತ್ತು ಅವರ ಜೊತೆಗಾರರು ಬಟ್ಟೆಯನ್ನೇ ಸರ್ಕ್ಯೂಟ್ ಮಾಡುವ ದಾರಿ ಹುಡುಕುತ್ತಿದ್ದರು. ಅವರ ಹೆಸರಾಂತ ಕೆಲಸ ಒಂದು ಡೆನಿಮ್ ಜಾಕೆಟ್. ಅದರ ಮೇಲೆ ವಾಹಕ ದಾರದಿಂದ ಕಸೂತಿ ಹಾಕಿದ ಕೀಲಿಮಣೆ. ಅಂಕಿಗಳನ್ನು ಮುಟ್ಟಿದರೆ ಜಾಕೆಟ್ಟಿನಿಂದ ಸ್ವರ ಹೊರಡುತ್ತಿತ್ತು.

ಅವರು ಮೊದಲು ಪರೀಕ್ಷಿಸಿದ ಬಟ್ಟೆಗಳಲ್ಲೊಂದು ರೇಷ್ಮೆಯ ಆರ್ಗಾಂಜಾ. ಅದರ ಹಾಸು ಬರೀ ರೇಷ್ಮೆ. ಹೊಕ್ಕಿನಲ್ಲಿ ಮಾತ್ರ ತೆಳು ತಾಮ್ರದ ಹಾಳೆ ಸುತ್ತಿದ ರೇಷ್ಮೆ ಎಳೆ. ಒಂದು ದಿಕ್ಕಿನಲ್ಲಿ ವಿದ್ಯುತ್ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹರಿಯುವುದಿಲ್ಲ. ಸರ್ಕ್ಯೂಟಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕೇ? ಇಂಥ ಬಟ್ಟೆಯನ್ನು ಭಾರತದಲ್ಲಿ ಬಹುಕಾಲದಿಂದ ನೇಯುತ್ತಿದ್ದಾರೆಂದು ಅವರೇ ತಮ್ಮ ಪ್ರಬಂಧದಲ್ಲಿ ಗುರುತಿಸಿದ್ದಾರೆ.

ನಮ್ಮ ಮನೆಯ ಬೀರುವಿನಲ್ಲಿ ಇದರ ಬಂಧು ಮಡಚಿ ಕೂತಿದೆ. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಯ ಸುತ್ತ ಚಪ್ಪಟೆ ಬೆಳ್ಳಿತಂತಿಯನ್ನು ಒತ್ತಾಗಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟ ದಾರ. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆಂದು ಆ ಸೀರೆ ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿ ಹೇಳುತ್ತದೆ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಸುಲಭವಾಗಿ ಹರಿಯಗೊಡುವುದು ಬೆಳ್ಳಿ. ಹಳೆಯ ಸೀರೆಯ ಅಂಚಿನ ಎರಡು ಕಡೆ ಮಲ್ಟಿಮೀಟರಿನ ಮೊನೆಗಳನ್ನು ಇಟ್ಟರೆ ಅದು ‘ಬೀಪ್’ ಎನ್ನುತ್ತದೆ. ಪ್ಲಾಸ್ಟಿಕ್ ಜರಿಯಲ್ಲಿ ಸಾಮಾನ್ಯವಾಗಿ ಸದ್ದು ಬರುವುದಿಲ್ಲ. ಆದರೆ ತಾಮ್ರದ ಜರಿಯಲ್ಲೂ ಸದ್ದು ಬರುವುದರಿಂದ ಇದನ್ನು ಬೆಳ್ಳಿಯ ಪರೀಕ್ಷೆ ಎಂದುಕೊಳ್ಳಬಾರದು.

ಇದರಿಂದ ಹೊಲಿಯುವವರಿಗೆ ಒಂದು ಎಚ್ಚರಿಕೆಯೂ ಸಿಗುತ್ತದೆ. ಜರಿ ಅಂಚಿನ ಮೇಲೆ ಸರ್ಕ್ಯೂಟ್ ಹೊಲಿಯಬಾರದು. ಅಂಚೇ ಒಂದು ಉದ್ದ ತಂತಿಯಾಗಿ ಸೆಲ್ಲಿನ ಕೂಡು (+) ತುದಿಯ ಕೂಡುದಾರ, ಕಳೆ (−) ತುದಿಯ ಕಳೆದಾರ ಎರಡನ್ನೂ ಬೆಸೆದುಬಿಡುತ್ತದೆ.

ಹೊಲಿಗೆಯೇ ಸರ್ಕ್ಯೂಟ್

ಈಗ ಕೆಲಸದ ಬಗೆ ನೋಡೋಣ. ಬೇಕಾಗುವ ಸಾಮಾನು ಕಡಿಮೆ: ಒಂದು ಬಟನ್ ಸೆಲ್, ಅದನ್ನು ಹಿಡಿಯುವ ಪುಟ್ಟ ಗೂಡು, ನಾಲ್ಕಾರು ಎಲ್‌ಇಡಿ, ವಾಹಕ ದಾರ, ದೊಡ್ಡ ಕಣ್ಣಿನ ಸೂಜಿ, ಹೆಣಿಗೆ ಸಡಿಲವಿಲ್ಲದ ದಪ್ಪ ಬಟ್ಟೆ. ಕೈಗಡಿಯಾರಕ್ಕಿಂತ ತುಸು ದೊಡ್ಡ ಯಂತ್ರಗಳಲ್ಲಿ ಕಾಣುವ ಸಿಆರ್2032 ಎಂಬ ಸೆಲ್ ಹೆಚ್ಚು ಬಳಕೆಯದು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್.

ಹೊಲಿಯಲೆಂದೇ ತೂತುಗಳಿರುವ ಎಲ್‌ಇಡಿಗಳು ಸಿಗುತ್ತವೆ. ಸಿಗದಿದ್ದರೆ ಅಂಗಡಿಯ ಮಾಮೂಲಿ ಎಲ್‌ಇಡಿಯೇ ಸಾಕು. ಅದರ ಉದ್ದ ಕಾಲು ಕೂಡು, ಗಿಡ್ಡ ಕಾಲು ಕಳೆ. ಮೂತಿ ಸಣ್ಣದಾದ ಇಕ್ಕಳದಿಂದ ಉದ್ದ ಕಾಲನ್ನು ದುಂಡಗೆ, ಗಿಡ್ಡ ಕಾಲನ್ನು ಚೌಕವಾಗಿ ಸುತ್ತಿಕೊಂಡರೆ ಎರಡು ಬಳೆಗಳಾಗುತ್ತವೆ. ಗುಂಡಿ ಹೊಲಿಯುವ ಕ್ರಮದಲ್ಲೇ ಹೊಲಿಯಬಹುದು, ಯಾವುದು ಯಾವ ಕಾಲೆಂಬ ಗೊಂದಲವೂ ಇರುವುದಿಲ್ಲ. ಎಲ್‌ಇಡಿಯಲ್ಲಿ ವಿದ್ಯುತ್ ಒಂದೇ ದಿಕ್ಕಿಗೆ ಹರಿಯುವುದರಿಂದ ಈ ಗುರುತು ಬಹಳ ಮುಖ್ಯ.

ಜೋಡಣೆಯ ರೂಪ ಒಂದು ಏಣಿ. ಏಣಿಯ ಒಂದು ಕಂಬ ಸೆಲ್ಲಿನ ಕೂಡು ತುದಿಯಿಂದ ಹೊರಟ ದಾರ, ಇನ್ನೊಂದು ಕಂಬ ಕಳೆ ತುದಿಯಿಂದ ಹೊರಟದ್ದು, ಮೆಟ್ಟಿಲುಗಳೇ ಎಲ್‌ಇಡಿಗಳು. ಪಠ್ಯದಲ್ಲಿ ಸಮಾಂತರ ಜೋಡಣೆ ಎನ್ನುವುದು ಇದನ್ನೇ. ಸರಣಿಯಲ್ಲಿ ಜೋಡಿಸಿದರೆ 3 ವೋಲ್ಟ್ ಎಲ್ಲರಿಗೂ ಹಂಚಿಹೋಗಿ ಯಾವ ದೀಪಕ್ಕೂ ಸಾಲದು. ಸಮಾಂತರದಲ್ಲಿ ಪ್ರತಿ ದೀಪಕ್ಕೂ ಪೂರ್ತಿ 3 ವೋಲ್ಟ್ ಸಿಗುತ್ತದೆ, ಒಂದು ಕೆಟ್ಟರೂ ಉಳಿದವು ಉರಿಯುತ್ತವೆ.

ಪೂರ್ತಿ ಎಂದೆ, ಆದರೆ ದಾರದ ರೋಧ ತನ್ನ ಪಾಲು ಕೇಳುತ್ತದೆ. ಒಂದು ಎಲ್‌ಇಡಿ 5 ಮಿಲಿಆಂಪಿಯರ್ ಎಳೆಯುತ್ತದೆನ್ನಿ. 10 ಓಮ್ ದಾರದಲ್ಲಿ ಕಳೆದುಹೋಗುವುದು 0.05 ವೋಲ್ಟ್ ಮಾತ್ರ. ಅದೇ ದಾರದ ಕೊನೆಯಲ್ಲಿ ಹತ್ತು ಎಲ್‌ಇಡಿ ಕೂತರೆ 50 ಮಿಲಿಆಂಪಿಯರ್, ನಷ್ಟ 0.5 ವೋಲ್ಟ್. ಹೋಗುವ ದಾರ, ಬರುವ ದಾರ ಸೇರಿ 1 ವೋಲ್ಟ್. ಬಿಳಿ ಮತ್ತು ನೀಲಿ ಎಲ್‌ಇಡಿಗೆ 3 ವೋಲ್ಟಿನ ಆಸುಪಾಸು ಬೇಕು. ಉಳಿದ 2 ವೋಲ್ಟಿಗೆ ಅದು ಕಣ್ಣೇ ಬಿಡುವುದಿಲ್ಲ. ಸೆಲ್ಲಿನಿಂದ ದೂರ ಹೋದಂತೆ ದೀಪ ಮಂಕಾಗುವುದು ಇದರಿಂದ. ಅನುಭವಿಗಳು ಸೆಲ್ಲನ್ನು ಚಿತ್ರದ ಮೂಲೆಗೆ ತಳ್ಳದೆ ನಡುವೆ ಇಡುವುದೂ ಇದಕ್ಕೇ.

ಬಣ್ಣ ಬೆರೆಸುವಾಗ ಇನ್ನೊಂದು ಸಂಗತಿ ನೆನಪಿರಲಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೇ ಹೊತ್ತಿಕೊಳ್ಳುತ್ತದೆ. ಒಂದೇ ಏಣಿಯಲ್ಲಿ ಕೆಂಪು, ಬಿಳಿ ಎರಡನ್ನೂ ಹೊಲಿದರೆ ಕೆಂಪೇ ವಿದ್ಯುತ್ತೆಲ್ಲ ಹೀರಿಕೊಂಡು ಬಿಳಿ ಕತ್ತಲಾಗುತ್ತದೆ. ಮಲ್ಲಿಗೆ–ಕನಕಾಂಬರದ ದಂಡೆ ಹೊಲಿಯಬೇಕೆಂದರೆ ಎರಡು ಬಣ್ಣಕ್ಕೂ ಬೇರೆ ಬೇರೆ ಸೆಲ್ ಕೊಡುವುದು, ಇಲ್ಲವೇ ಕೆಂಪಿನ ಜೊತೆ ಒಂದು ಪುಟ್ಟ ರೆಸಿಸ್ಟರ್ ಹೊಲಿಯುವುದು ದಾರಿ.

ಸ್ವಿಚ್ಚಿಗೆ ಅಂಗಡಿಗೆ ಹೋಗಬೇಕಿಲ್ಲ. ಹೊಲಿಗೆ ಡಬ್ಬಿಯಲ್ಲಿರುವ ಲೋಹದ ಟಿಚ್ ಬಟನ್, ರವಿಕೆಯ ಹುಕ್ಕು, ಲೋಹದ ಜಿಪ್ಪು ಎಲ್ಲವೂ ಸ್ವಿಚ್ಚೇ. ಕೂಡುದಾರವನ್ನು ನಡುವೆ ತುಂಡರಿಸಿ ಒಂದು ತುದಿಯನ್ನು ಹುಕ್ಕಿಗೆ, ಇನ್ನೊಂದನ್ನು ಅದರ ಕಣ್ಣಿಗೆ ಹೊಲಿದರೆ ಹುಕ್ಕು ಹಾಕಿದಾಗ ದೀಪ, ಬಿಚ್ಚಿದಾಗ ಇಲ್ಲ.

ಬೆಳಗದೆ ಹೋದಾಗ

ಮೊದಲ ಸಲ ಹೊಲಿದದ್ದು ಮೊದಲ ಸಲವೇ ಬೆಳಗುವುದು ಅಪರೂಪ. ಕಾರಣ ಹುಡುಕಹೊರಟರೆ ಹತ್ತರಲ್ಲಿ ಹೆಚ್ಚಿನವು ಸೂಜಿಯ ಕೆಲಸಕ್ಕೇ ಬಂದು ನಿಲ್ಲುತ್ತವೆ.

ಎಲ್‌ಇಡಿಯ ಬಳೆಗೆ ದಾರ ಸಡಿಲವಾಗಿ ಸುತ್ತಿದ್ದರೆ ಲೋಹಕ್ಕೆ ಲೋಹ ತಾಗುವುದಿಲ್ಲ. ಮೂರು ನಾಲ್ಕು ಸಲ ಬಿಗಿಯಾಗಿ ಸುತ್ತಿ ಹೊಲಿಯಬೇಕು. ಆದರೆ ಹೊಲಿಗೆಯುದ್ದಕ್ಕೂ ಅದೇ ಬಿಗಿ ಇದ್ದರೆ ಬಟ್ಟೆ ಸುಕ್ಕಾಗಿ, ಎಳೆದಾಗ ದಾರ ತುಂಡಾಗುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ಈ ವಿವೇಕವನ್ನು ಯಾವ ಸರ್ಕ್ಯೂಟ್ ಚಿತ್ರವೂ ಹೇಳಿಕೊಡುವುದಿಲ್ಲ.

ಗಂಟು ಇನ್ನೊಂದು ತಲೆನೋವು. ಸ್ಟೀಲ್ ದಾರದ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ತುದಿ ಕುಂಚವಾಗಿ ಹರಡುತ್ತದೆ. ಹರಡಿದ ಒಂದು ಎಳೆ ಪಕ್ಕದ ಹೊಲಿಗೆಗೆ ತಗುಲಿದರೆ ಸಾಕು, ಶಾರ್ಟ್ ಸರ್ಕ್ಯೂಟ್. ದೀಪ ಆರುತ್ತದೆ, ಸೆಲ್ ಬಿಸಿಯಾಗಿ ಬರಿದಾಗುತ್ತದೆ. ಗಂಟಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೊಟ್ಟು ಹಾಕಿ, ಒಣಗಿದ ಮೇಲೆ ಬಾಲವನ್ನು ಬುಡದವರೆಗೆ ಕತ್ತರಿಸುವುದು ಇದಕ್ಕೆ ಮದ್ದು.

ಹೊಸಬರು ಮರೆಯುವ ಮತ್ತೊಂದು ವಿಷಯ ಬಟ್ಟೆಯ ಹಿಂಬದಿ. ಮುಂದೆ ಎರಡು ಸಾಲುಗಳು ಅಚ್ಚುಕಟ್ಟಾಗಿ ದೂರವಿದ್ದರೂ ಹಿಂದೆ ದಾರ ಅಡ್ಡಾದಿಡ್ಡಿ ಹಾದಿದ್ದರೆ ಎಲ್ಲ ಕೆಲಸವೂ ವ್ಯರ್ಥ. ಹಿಂಬದಿಯನ್ನೂ ಮುಂಬದಿಯಷ್ಟೇ ಶುಚಿಯಾಗಿ ಇಟ್ಟುಕೊಳ್ಳುವ ಅಭ್ಯಾಸ ಇಲ್ಲಿ ಅಂದಕ್ಕಲ್ಲ, ವಿದ್ಯುತ್ತಿಗೇ ಬೇಕು.

ಗವಂತಿಯ ಲೆಕ್ಕ

ಮುಂದೆಯೂ ಹಿಂದೆಯೂ ಒಂದೇ ಅಂದ, ಎಲ್ಲೂ ಗಂಟಿಲ್ಲ. ಧಾರವಾಡ ಸೀಮೆಯ ಕಸೂತಿ ಬಲ್ಲವರಿಗೆ ಇದು ಹೊಸ ಮಾತೇ ಅಲ್ಲ.

ಕಸೂತಿಯಲ್ಲಿ ಮುಖ್ಯವಾಗಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಮೂಡಿಸುತ್ತಾರೆ. ಗವಂತಿಯಲ್ಲಿ ದಾರ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗುತ್ತದೆ, ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತದೆ.

ಇದನ್ನು ವಾಹಕ ದಾರದಲ್ಲಿ ಹಾಕಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಒಂದೇ ದಾರಿಯಲ್ಲಿ ಎರಡು ಎಳೆಗಳು, ಪ್ರತಿ ತೂತಿನಲ್ಲೂ ಒಂದಕ್ಕೊಂದು ತಾಗಿಕೊಂಡು ಸಾಗುತ್ತವೆ. ವಿದ್ಯುತ್ತಿಗೆ ಎರಡು ಸಮಾಂತರ ಹಾದಿಗಳು ಸಿಗುತ್ತವೆ. ರೋಧ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಎಳೆ ಎಲ್ಲಾದರೂ ತುಂಡಾದರೆ ಆ ಜಾಗವನ್ನು ಇನ್ನೊಂದು ಎಳೆ ದಾಟಿಸುತ್ತದೆ. ದೂರದ ದೀಪ ಮಂಕಾಗುವ ಸಮಸ್ಯೆಗೆ ಇ-ಟೆಕ್ಸ್‌ಟೈಲ್ ಕಲಿಸುವವರು ಸೂಚಿಸುವ ಉಪಾಯವೂ ಅದೇ: ಅದೇ ದಾರಿಯಲ್ಲಿ ಇನ್ನೊಂದು ಸಾಲು ಹೊಲಿಯಿರಿ. ಅಂದಕ್ಕಾಗಿ ತಲೆಮಾರುಗಳಿಂದ ಪಳಗಿದ ಹೊಲಿಗೆಯೊಂದು ಓಮ್‌ನ ನಿಯಮಕ್ಕೂ ಇಷ್ಟು ಚೆನ್ನಾಗಿ ಹೊಂದುವುದು ನನಗೆ ತುಂಬ ಸಂತೋಷ ಕೊಡುತ್ತದೆ.

ಎಲ್ಲವೂ ಹೊಂದುತ್ತದೆ ಎಂದಲ್ಲ. ಗವಂತಿ ಬಟ್ಟೆಯ ಎರಡೂ ಬದಿಗೆ ಸಮನಾಗಿ ಕಾಣುವುದರಿಂದ ಒಳಬದಿಯ ಲೋಹಕ್ಕೆ ಅಸ್ತರಿನ ರಕ್ಷೆ ಬೇಕು. ಮೆಂತಿಯಲ್ಲಿ ಹೊಲಿಗೆಗಳು ಒತ್ತೊತ್ತಾಗಿ ಅಡ್ಡಹಾಯುವುದರಿಂದ ಕೂಡು, ಕಳೆಗಳನ್ನು ಹತ್ತಿರ ತರುವಂತಿಲ್ಲ. ಆದರೆ ಬೆರಳು ತಾಗಿಸಿದರೆ ಕೆಲಸ ಮಾಡುವ ಅಗಲ ಗುರುತು ಹೊಲಿಯಬೇಕಾದಾಗ ಆ ಒತ್ತು ಹೊಲಿಗೆಯೇ ಬೇಕು.

ಉತ್ತರ ಕರ್ನಾಟಕದ ಕೌದಿಯನ್ನೂ ಇಲ್ಲಿ ನೆನೆಯಬೇಕು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಯಲ್ಲಿ ಕೂಡುದಾರವನ್ನು ಒಂದು ಪದರದಲ್ಲಿ, ಕಳೆದಾರವನ್ನು ಇನ್ನೊಂದರಲ್ಲಿ ಇಟ್ಟು ನಡುವೆ ಹತ್ತಿಯ ಪದರವನ್ನು ಬಿಡಬಹುದು. ದಾರಗಳು ಒಂದರ ಮೇಲೊಂದು ಹಾದರೂ ತಾಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕನ್ನಡಿಚೂರುಗಳಿರುತ್ತವೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ, ಬೆಳಕನ್ನು ಮಾತ್ರ ಹಿಂದಕ್ಕೆ ಎಸೆಯುತ್ತದೆ. ಕನ್ನಡಿಯ ಅಂಚಿಗೆ ಎಲ್‌ಇಡಿ ಕೂರಿಸಲು ಭಯವಿಲ್ಲ. ಅದೇ ಬಟ್ಟೆಗೆ ಹೊಲಿದ ನಾಣ್ಯಗಳ ಬಳಿ ಮಾತ್ರ ಹುಷಾರಾಗಿರಬೇಕು.

ರಂಗದ ಮೇಲಿನ ಹಳೆಯ ದೀಪಗಳು

ಉಡುಪಿಗೆ ದೀಪ ಕಟ್ಟುವ ಆಸೆ ವಿದ್ಯುದ್ದೀಪದಷ್ಟೇ ಹಳೆಯದು. 1882ರ ನವೆಂಬರ್‌ನಲ್ಲಿ ಲಂಡನ್ನಿನ ಸ್ಯಾವೊಯ್ ರಂಗಮಂದಿರದಲ್ಲಿ ‘ಇಯೊಲಾಂಥೆ’ ಗೀತನಾಟಕ ತೆರೆ ಕಂಡಾಗ ಮುಖ್ಯ ಯಕ್ಷಿಣಿಯರ ತಲೆಯಲ್ಲಿ ಪುಟ್ಟ ಬಲ್ಬುಗಳು ಬೆಳಗಿದವು, ಬ್ಯಾಟರಿ ಉಡುಪಿನೊಳಗೆ ಅಡಗಿತ್ತು. ಮರುವರ್ಷ ನ್ಯೂಯಾರ್ಕಿನ ವಾಂಡರ್‌ಬಿಲ್ಟ್ ಮನೆತನದ ವೇಷದ ಕೂಟಕ್ಕೆ ಆಲಿಸ್ ವಾಂಡರ್‌ಬಿಲ್ಟ್ ‘ವಿದ್ಯುದ್ದೀಪ’ದ ವೇಷದಲ್ಲೇ ಬಂದರು. ಪ್ಯಾರಿಸ್ಸಿನ ವರ್ತ್ ಸಂಸ್ಥೆ ಹೊಲಿದ ಆ ಉಡುಪು ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 1956ರಲ್ಲಿ ಜಪಾನಿನ ಕಲಾವಿದೆ ಅತ್ಸುಕೊ ತನಕಾ ಬಣ್ಣ ಬಳಿದ ಬಲ್ಬು, ಟ್ಯೂಬುಗಳನ್ನೇ ಉಡುಪಾಗಿ ತೊಟ್ಟು ನಿಂತರು.

ಅವೆಲ್ಲ ಬಿಸಿಯಾಗುವ, ಭಾರದ ದೀಪಗಳು. ತಣ್ಣನೆಯ, ಹಗುರವಾದ ಎಲ್‌ಇಡಿ ಬಂದ ಮೇಲೆಯೇ ಬೆಳಕು ದಾರಕ್ಕೆ ಒಗ್ಗಿದ್ದು.

ನೇರಳೆ ಬಣ್ಣದ ಬಿಲ್ಲೆ

ಪ್ರಯೋಗಾಲಯದ ಈ ವಿದ್ಯೆಯನ್ನು ಮನೆಯ ಹೊಲಿಗೆ ಡಬ್ಬಿಗೆ ತಂದವರು ಲಿಯಾ ಬ್ಯೂಕ್ಲಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರು ಹೊಲಿಯಬಹುದಾದ ಒಂದು ಪುಟ್ಟ ಕಂಪ್ಯೂಟರ್ ಬಿಲ್ಲೆಯನ್ನು ರೂಪಿಸಿದರು. ಸ್ಪಾರ್ಕ್‌ಫನ್ ಎಂಬ ಕಂಪನಿ ಅದನ್ನು 2007ರಲ್ಲಿ ‘ಲಿಲಿಪ್ಯಾಡ್ ಆರ್ಡುಯಿನೊ’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಸುಮಾರು 5 ಸೆಂಟಿಮೀಟರ್ ಅಗಲದ ನೇರಳೆ ಬಣ್ಣದ ದುಂಡು ಬಿಲ್ಲೆ, ಅಂಚಿನ ಸುತ್ತ ಎಸಳುಗಳು, ಎಸಳಿಗೊಂದು ತೂತು. ಬೆಸುಗೆ ಹಾಕಬೇಕಾದ ಕಡೆ ಸೂಜಿ ತೂರಿಸಿದರಾಯಿತು. ದೀಪ ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎಂದು ಅದಕ್ಕೆ ಪ್ರೋಗ್ರಾಮ್ ಬರೆಯಬಹುದು. ಬ್ಯೂಕ್ಲಿ ಇದರಿಂದ ಸೈಕಲ್ ಸವಾರರಿಗೆ ಬೆನ್ನ ಮೇಲೆ ಎಡ–ಬಲ ಸೂಚಕ ದೀಪಗಳಿರುವ ಜಾಕೆಟ್ ಹೊಲಿದರು.

ನಂತರ ನಡೆದದ್ದು ಬಿಲ್ಲೆಗಿಂತ ಮುಖ್ಯ. ಹೊಲಿಯಲಾಗದ ಮಾಮೂಲಿ ಆರ್ಡುಯಿನೊ ಬಿಲ್ಲೆ ಮತ್ತು ಲಿಲಿಪ್ಯಾಡ್‌ಗಳನ್ನು ಯಾರು ಕೊಳ್ಳುತ್ತಾರೆ, ಏನು ಮಾಡುತ್ತಾರೆ ಎಂಬ ಬಗ್ಗೆ ಬ್ಯೂಕ್ಲಿ ಮತ್ತು ಬೆಂಜಮಿನ್ ಮಾಕೊ ಹಿಲ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರ್ಡುಯಿನೊ ಕೊಂಡವರಲ್ಲಿ ಮಹಿಳೆಯರು ಶೇ 9ರಷ್ಟಿದ್ದರೆ ಲಿಲಿಪ್ಯಾಡ್ ಕೊಂಡವರಲ್ಲಿ ಸುಮಾರು ಶೇ 35. ಮಾಡಿ ಎಲ್ಲರಿಗೂ ತೋರಿಸಿದ ಕೆಲಸಗಳನ್ನು ನೋಡಿದರೆ ಅಂತರ ಇನ್ನೂ ದೊಡ್ಡದು: ಲಿಲಿಪ್ಯಾಡ್‌ನವುಗಳಲ್ಲಿ ಸುಮಾರು ಶೇ 65 ಮಹಿಳೆಯರವು, ಆರ್ಡುಯಿನೊದಲ್ಲಿ ಬರೀ ಶೇ 2.

ಎರಡರ ಒಳಗಿರುವ ತಂತ್ರ ಒಂದೇ ಕುಲದ್ದು. ಬದಲಾದದ್ದು ಅದರ ಜೊತೆಗೆ ಬಳಸುವ ಸಲಕರಣೆ, ಅದು ಬಂದು ಕೂತ ಜಾಗ. ಹೆಣ್ಣುಮಕ್ಕಳಿಗೆ ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿಯಿಲ್ಲ ಎಂದು ಹೇಳುತ್ತ ಬಂದವರು ಈ ಅಂಕಿಗಳನ್ನು ಮತ್ತೆ ಮತ್ತೆ ನೋಡಬೇಕು. ಗಂಡಸರು ಕಟ್ಟಿಕೊಂಡ ಕೋಣೆಯ ಬಾಗಿಲು ತೆರೆದು ಹೆಂಗಸರನ್ನು ಒಳಗೆ ಕರೆಯುವುದಷ್ಟೇ ಸಾಲದು, ಬೇರೆ ಬಗೆಯ ಕೋಣೆಗಳನ್ನೇ ಕಟ್ಟಬೇಕು ಎಂಬುದು ಆ ಅಧ್ಯಯನದ ವಾದ. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಯಾಸ್ಮಿನ್ ಕಫಾಯ್ ಮತ್ತು ಸಂಗಡಿಗರು ಇದೇ ಹೊಲಿಗೆಯ ಸರ್ಕ್ಯೂಟನ್ನು ಅಮೆರಿಕದ ಪ್ರೌಢಶಾಲೆಗಳ ಕಂಪ್ಯೂಟರ್ ವಿಜ್ಞಾನದ ಪಾಠಕ್ಕೆ ತಂದರು.

ಕೈಗಳ ಹಳೆಯ ಕೆಲಸ

ಕಂಪ್ಯೂಟರಿಗೂ ಹೆಂಗಸರ ನೇಯ್ಗೆಗೂ ನಂಟು ಇಲ್ಲಿಂದ ಶುರುವಾದದ್ದೂ ಅಲ್ಲ. 1960ರ ದಶಕದಲ್ಲಿ ಚಂದ್ರನಿಗೆ ಹೊರಟ ಅಪೊಲೊ ನೌಕೆಗಳ ಕಂಪ್ಯೂಟರಿನ ಸ್ಥಿರ ಸ್ಮರಣಕೋಶವನ್ನು ಅಕ್ಷರಶಃ ಕೈಯಿಂದ ನೇಯ್ದರು. ಮ್ಯಾಸಚೂಸೆಟ್ಸ್‌ನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ತೆಳು ತಂತಿಗಳನ್ನು ಪುಟ್ಟ ಕಾಂತದ ಬಳೆಗಳ ಮೂಲಕ ತೂರಿಸುತ್ತಿದ್ದರು. ತಂತಿ ಬಳೆಯೊಳಗೆ ಹಾದರೆ ‘ಒಂದು’, ಹೊರಗಿನಿಂದ ಹಾದರೆ ‘ಸೊನ್ನೆ’. ಹೀಗೆ ಮೂವತ್ತಾರು ಸಾವಿರಕ್ಕೂ ಹೆಚ್ಚು ಪದಗಳ ಪ್ರೋಗ್ರಾಮ್ ನೇಯ್ಗೆಯಾಗಿ ನೌಕೆ ಸೇರುತ್ತಿತ್ತು. ಒಮ್ಮೆ ನೇಯ್ದ ಮೇಲೆ ತಿದ್ದುವುದು ಸುಲಭವಿರಲಿಲ್ಲ. ಪ್ರೋಗ್ರಾಮ್ ಬರೆದವರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ನೇಯ್ದವರಲ್ಲಿ ಬಹುಪಾಲು ಹೆಸರುಗಳನ್ನು ನಾವು ಕೇಳಿಲ್ಲ.

ಎಚ್ಚರ ಬೇಕಾದ ಕಡೆ

3 ವೋಲ್ಟಿನಿಂದ ಮೈಗೆ ಶಾಕ್ ಹೊಡೆಯುವುದಿಲ್ಲ. ನಿಜವಾದ ಅಪಾಯ ಸೆಲ್ಲಿನ ಗಾತ್ರದಲ್ಲಿದೆ. ಸಣ್ಣ ಮಕ್ಕಳು ಬಟನ್ ಸೆಲ್ ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು ಅಲ್ಲಿ ತೀವ್ರ ಕ್ಷಾರ ಹುಟ್ಟುತ್ತದೆ; ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕೂಸುಗಳ ಟೋಪಿ, ಗೊಂಬೆ, ಕುಲಾವಿಗಳಿಗೆ ಈ ಸೆಲ್ ಹೊಲಿಯಲೇಬಾರದು. ದೊಡ್ಡ ಮಕ್ಕಳ ಉಡುಪಿನಲ್ಲೂ ಗೂಡಿಗೆ ಸ್ಕ್ರೂ ಮುಚ್ಚಳವಿರಬೇಕು. ಈ ಒಂದು ವಿಷಯದಲ್ಲಿ ರಿಯಾಯಿತಿ ಕೂಡದು.

ಒಗೆಯುವ ಮುನ್ನ ಸೆಲ್ ತೆಗೆಯಬೇಕು, ಕೈಯಲ್ಲೇ ಹಿಂಡದೆ ಒಗೆಯಬೇಕು, ಪೂರ್ತಿ ಒಣಗುವ ತನಕ ಸೆಲ್ ಹಾಕಬಾರದು. ಬೆವರು ಉಪ್ಪುನೀರು, ಅದೂ ಅಷ್ಟಿಷ್ಟು ವಿದ್ಯುತ್ ಒಯ್ಯುತ್ತದೆ, ಹೀಗಾಗಿ ಮೈಗೆ ಅಂಟುವ ಬಟ್ಟೆಗೆ ಅಸ್ತರು ಕೊಡದೆ ಹೊಲಿಯುವಂತಿಲ್ಲ.

ಸೆಲ್ಲಿನ ಆಯುಸ್ಸನ್ನೂ ಮೊದಲೇ ಅಂದಾಜು ಮಾಡಿಕೊಳ್ಳಬಹುದು. ಸಿಆರ್2032ರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್–ಗಂಟೆ. ನಾಲ್ಕು ದೀಪ 20 ಮಿಲಿಆಂಪಿಯರ್ ಎಳೆದರೆ ಲೆಕ್ಕಕ್ಕೆ ಹನ್ನೊಂದು ಗಂಟೆ. ಇಷ್ಟು ಹೊರೆ ಹೊರಲು ಮಾಡಿದ ಸೆಲ್ ಇದಲ್ಲವಾದ್ದರಿಂದ ಬೆಳಕು ಅದಕ್ಕೂ ಮೊದಲೇ ಕುಂದುತ್ತದೆ. ಒಂದು ಸಂಜೆಯ ನಾಟಕಕ್ಕೆ ಸಾಕು, ದಿನವೂ ತೊಡುವ ಬಟ್ಟೆಗೆ ಸಾಲದು.

ಕಸದ ಚಿಂತೆಯೂ ಇದೆ. ಬಟ್ಟೆ, ಲೋಹ, ಪ್ಲಾಸ್ಟಿಕ್ ಒಂದಾಗಿ ಹೆಣೆದ ವಸ್ತುವನ್ನು ಮರುಬಳಕೆಗೆ ಬಿಡಿಸುವುದು ಕಷ್ಟ. ದೀಪದ ಹೂವನ್ನು ಬೇರೆಯಾಗಿ ಹೊಲಿದು ಟಿಚ್ ಬಟನ್ನಿನಿಂದ ಉಡುಪಿಗೆ ಸಿಕ್ಕಿಸುವುದು ನನಗೆ ಮೆಚ್ಚಿಗೆಯಾದ ದಾರಿ. ಒಗೆಯುವಾಗ ತೆಗೆದಿಡಬಹುದು, ಉಡುಪು ಹಳೆಯದಾದರೆ ಹೂವನ್ನು ಇನ್ನೊಂದಕ್ಕೆ ಹಾಕಬಹುದು.

ಎಲ್ಲಿಂದ ಶುರು

ಬೆಂಗಳೂರಿನವರಿಗೆ ಸಾಮಾನು ಹೊಂದಿಸುವುದು ಕಷ್ಟವಲ್ಲ. ಎಲ್‌ಇಡಿ, ಸೆಲ್, ಮಲ್ಟಿಮೀಟರ್‌ಗಳಿಗೆ ಎಸ್‌.ಪಿ. ರಸ್ತೆ, ಬಟ್ಟೆ, ಸೂಜಿ, ಹುಕ್ಕು, ಜರಿಗೆ ಚಿಕ್ಕಪೇಟೆ. ಎರಡರ ನಡುವೆ ನಡೆದೇ ಹೋಗಬಹುದು. ವಾಹಕ ದಾರವನ್ನು ಆನ್‌ಲೈನ್ ಅಂಗಡಿಗಳಿಂದ ತರಿಸಿಕೊಳ್ಳಬೇಕಾದೀತು.

ಶಾಲೆಗಳಲ್ಲಿ ಇದಕ್ಕೆ ಜಾಗ ಈಗಾಗಲೇ ಇದೆ. ನೀತಿ ಆಯೋಗ 2016ರಿಂದ ಸ್ಥಾಪಿಸುತ್ತಿರುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿಯೇ ಇವೆ. 3ಡಿ ಪ್ರಿಂಟರ್ ಇರುವ ಕಪಾಟಿನಲ್ಲಿ ಒಂದು ಹೊಲಿಗೆ ಡಬ್ಬಿ, ಕಸೂತಿಯ ಚೌಕಟ್ಟು ಇಡುವುದಕ್ಕೆ ದೊಡ್ಡ ಖರ್ಚಿಲ್ಲ. ಮೊದಲ ದಿನ ಒಂದು ಸೆಲ್, ಎರಡು ದೀಪ, ಎರಡಡಿ ದಾರ. ಇನ್ನೊಂದು ದಿನ ಹುಕ್ಕಿನ ಸ್ವಿಚ್ಚು. ಆಮೇಲೆ ಅಳತೆಯ ಪಾಠ: ಒಂದೇ ಅಂತರವನ್ನು ಒಮ್ಮೆ ಒಂಟಿ ಸಾಲಿನಲ್ಲಿ, ಒಮ್ಮೆ ಗವಂತಿಯಲ್ಲಿ ಹೊಲಿದು ಎರಡರ ರೋಧವನ್ನೂ ಮಲ್ಟಿಮೀಟರಿನಲ್ಲಿ ಓದುವುದು.

ಈ ಪಾಠ ಹೇಳಲು ವಿಜ್ಞಾನ ಮೇಷ್ಟ್ರ ಪಕ್ಕದಲ್ಲಿ ಊರಿನ ಕಸೂತಿ ಬಲ್ಲ ಹೆಂಗಸೊಬ್ಬರು ಕೂರಬೇಕು. ಬಿಗಿ ಎಷ್ಟು, ಸಡಿಲ ಎಷ್ಟು, ಗಂಟಿಲ್ಲದೆ ದಾರ ಮುಗಿಸುವುದು ಹೇಗೆ ಎಂದು ತೋರಿಸಬಲ್ಲವರು ಅವರು. ಸಹಾಯಕ್ಕೆಂದು ಪುಕ್ಕಟೆ ಕರೆಯುವುದು ಬೇಡ. ಹಾಜರಿ ಪುಸ್ತಕದಲ್ಲಿ ಶಿಕ್ಷಕಿ ಎಂದೇ ಅವರ ಹೆಸರು ಬರೆದು, ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಬೇಕು.